ಸುದಾನಿಯ ಕೋರೆಹಲ್ಲು

ನಮ್ಮ ಕ್ಲಿನಿಕ್ಕಿನ ಹಿಂದಿನ ಕೋಣೆ ಸುದಾನಿಯದು. ಬಾಗಿಲ ಮೇಲಿರುವ ಹೆಸರು ಡಾಕ್ಟರ್ ಮಿರಾ ಅವರದೇ, ಹಲ್ಲು ಕೀಳುವವರೂ ಅವರೇ. ಆದರೆ ಆ ಕೋಣೆಯ ಹೊಸ್ತಿಲು ದಾಟಬೇಕಾದರೆ ಡಾಕ್ಟರೂ ಒಮ್ಮೆ ಕೈ ಎತ್ತಿ ತೋರಿಸಬೇಕು. ತೊಳೆದ ಕೈಯೋ ತೊಳೆಯದ ಕೈಯೋ ಅಂತ ನೋಡಿಯೇ ಅವಳು ಒಳಗೆ ಬಿಡುವುದು. ನಾನು ಮುಂದಿನ ಮೇಜಿನಲ್ಲಿ ಕೂತು ಬಂದವರ ಹೆಸರು ಕೂಗುವವಳು, ರಸ್ನಿ ಅಂತ. ನಮ್ಮ ದ್ವೀಪದ ಈ ಕ್ಲುಂಗ್‌ಕುಂಗ್ ಪೇಟೆಯಲ್ಲಿ ನನ್ನ ಬಾಯಿಗೆ ಹೆದರದವರು ಕಡಿಮೆ. ಅಂಥ ನಾನೂ ಸುದಾನಿಯ ಹತ್ತಿರ ಬೈಸಿಕೊಂಡಷ್ಟು ನನ್ನ ಹೆತ್ತ ತಾಯಿಯ ಹತ್ತಿರ ಬೈಸಿಕೊಂಡಿಲ್ಲ.

"ರಸ್ನಿ, ಆ ತಟ್ಟೆ ಮುಟ್ಟಿದ್ಯಾ?"

"ಬರೀ ಅಂಚು ಮುಟ್ದೆ ಅಕ್ಕ."

"ಅಂಚಿಗೇನು ಬೇರೆ ಕಾನೂನಾ? ಇಡು ಅಲ್ಲಿ. ಎಲ್ಲಾ ಮತ್ತೆ ಮೊದಲಿಂದ."

ಒಬ್ಬರ ಬಾಯಿಂದ ಹೊರಬಂದ ಕನ್ನಡಿ, ಕೊಕ್ಕೆ, ಇಕ್ಕಳ ಇನ್ನೊಬ್ಬರ ಬಾಯಿಗೆ ಹೋಗಬೇಕಾದರೆ ಅವಳ ಕೈಯಲ್ಲಿ ದೊಡ್ಡ ಶಿಕ್ಷೆಯನ್ನೇ ಅನುಭವಿಸಬೇಕು. ಮೊದಲು ಮದ್ದಿನ ನೀರಲ್ಲಿ ನೆನೆಯಬೇಕು. ಬ್ರಷ್ಷಿನಲ್ಲಿ ಉಜ್ಜಿಸಿಕೊಳ್ಳಬೇಕು. ಗುಂಯ್ ಅನ್ನುವ ತೊಟ್ಟಿಯಲ್ಲಿ ನಡುಗಬೇಕು. ಆಮೇಲೆ ಒಣಗಿ, ಕಾಗದದ ಚೀಲದೊಳಗೆ ಸೀಲಾಗಿ, ಆಟೋಕ್ಲೇವಿನ ಹಬೆಯಲ್ಲಿ ಬೇಯಬೇಕು. ಚೀಲದ ಮೇಲಿನ ಗೆರೆ ಬಣ್ಣ ತಿರುಗಿದರೆ ಮಾತ್ರ ಪಾಸು. ಆ ಆಟೋಕ್ಲೇವನ್ನು ನಾವು ಅವಳ ಎರಡನೇ ಗಂಡ ಅಂತ ಚುಡಾಯಿಸುತ್ತಿದ್ದೆವು.

"ಮೊದಲನೇ ಗಂಡ ಹೇಳಿದ ಮಾತು ಕೇಳಲ್ಲ, ಇವನು ಕೇಳ್ತಾನೆ" ಅಂತ ಮಾಸ್ಕಿನ ಹಿಂದಿನಿಂದಲೇ ನಗುತ್ತಿದ್ದಳು.

ಕ್ಲಿನಿಕ್ಕಿನಲ್ಲಿ ಆ ಮಾಸ್ಕು ಅವಳ ಮುಖದಿಂದ ಇಳಿದದ್ದನ್ನು ನಾನು ಕಂಡಿರಲಿಲ್ಲ. ಇಡೀ ಲೋಕ ಮಾಸ್ಕು ಹಾಕಿಕೊಂಡು ಓಡಾಡಿದ ಕಾಲ ಬಂತು, ಹೋಯಿತು. ಸುದಾನಿ ಅದಕ್ಕೆ ಮುಂಚೆಯೂ ಹಾಕುತ್ತಿದ್ದಳು, ಆಮೇಲೂ ತೆಗೆಯಲಿಲ್ಲ. ಮಧ್ಯಾಹ್ನ ಅನ್ನದ ಪೊಟ್ಟಣ ಬಿಚ್ಚಿದರೆ ಗೋಡೆಯ ಕಡೆ ತಿರುಗಿ ಕೂರುತ್ತಿದ್ದಳು. ನಾವಿಬ್ಬರೂ ಒಂದೇ ಕೇರಿಯವರು, ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದು ಗೋಡೆ, ಒಂದು ಹಂದಿಗೂಡು. ಕೇರಿಯ ಹಬ್ಬದಲ್ಲಿ ಮಾಸ್ಕಿಲ್ಲದಿದ್ದರೆ ಬಾಯಿಗೆ ಕೈ ಅಡ್ಡ, ಕೈ ಖಾಲಿ ಇಲ್ಲದಿದ್ದರೆ ಹೆಗಲ ವಸ್ತ್ರ ಅಡ್ಡ. ಶುಚಿಯ ಹುಚ್ಚು ತಲೆಗೇರಿದೆ, ಅದಕ್ಕೆ ಔಷಧಿಯಿಲ್ಲ ಅಂತ ನಾನು ಸುಮ್ಮನಾಗಿದ್ದೆ.

ಆ ವರ್ಷ ನಮ್ಮ ಕೇರಿಯಲ್ಲಿ ವಯಸ್ಸಿಗೆ ಬಂದ ಮಕ್ಕಳಿಗೆಲ್ಲ ಒಟ್ಟಿಗೆ ಹಲ್ಲಿಗೆ ಅರ ಹಾಕಿಸಿ ತುದಿ ಸವೆಸುವ ಶಾಸ್ತ್ರ ಮಾಡುವುದು ಅಂತ ತೀರ್ಮಾನವಾಯಿತು. ಮೇಲಿನ ಸಾಲಿನ ಆರು ಹಲ್ಲು. ಕಾಮ, ಕ್ರೋಧ, ಲೋಭ, ಮೋಹ, ಮದ, ಮತ್ಸರ, ಒಂದೊಂದಕ್ಕೆ ಒಂದೊಂದು. ಕೋರೆಹಲ್ಲಿನ ಚೂಪು ಇಳಿದರೆ ಮನುಷ್ಯ, ಇಲ್ಲದಿದ್ದರೆ ಇನ್ನೂ ರಾಕ್ಷಸನ ಪೈಕಿ. ಇದನ್ನು ಮಾಡಿಸದೆ ತಂದೆತಾಯಿಯ ಋಣ ತೀರುವುದಿಲ್ಲ. ಮಾಡಿಸಿಕೊಳ್ಳದೆ ಸತ್ತವರಿದ್ದರೆ ಸುಡುವ ಮುಂಚೆ ಹೆಣದ ಬಾಯಿ ತೆರೆದಾದರೂ ಅರ ಮುಟ್ಟಿಸುತ್ತಾರೆ, ಅದನ್ನು ನೋಡಿದವರು ಒಂದು ವಾರ ಅದೇ ಮಾತಾಡುತ್ತಾರೆ.

ನಮ್ಮಲ್ಲಿ ಅರ ಹಾಕುವ ಹಿರಿಯರು ಜೆರೋ ಮುಸ್ತಿಕ. ಅವರ ಹತ್ತಿರ ಅವರ ಅಪ್ಪನ ಕಾಲದ ಅರ ಇತ್ತು. ಒಬ್ಬರ ಹಲ್ಲಾದ ಮೇಲೆ ಗಂಧದ ನೀರಲ್ಲಿ ಅದ್ದಿ, ಬಟ್ಟೆಯಲ್ಲಿ ಒರೆಸಿ, ಮುಂದಿನವರ ಬಾಯಿಗೆ. ಇದನ್ನು ಕೇಳಿದ ಸುದಾನಿ ನನ್ನನ್ನೂ ಎಳೆದುಕೊಂಡು ಅವರ ಜಗಲಿಗೆ ಹೋದಳು.

"ಜೆರೋ, ಈ ಸಲ ತಲೆಗೊಂದು ಹೊಸ ಅರ ಆಗ್ಬೇಕು. ನಾನೇ ಮಷಿನ್ನಲ್ಲಿ ಬೇಯಿಸಿ ಕೊಡ್ತೀನಿ."

"ಇಷ್ಟು ವರ್ಷದಲ್ಲಿ ನನ್ನ ಅರದಿಂದ ಯಾರಾದ್ರೂ ಸತ್ತಿದಾರೇನಮ್ಮ?"

"ಸತ್ತಿಲ್ಲ ಜೆರೋ. ಆದ್ರೆ ಒಬ್ಬರ ರಕ್ತ ಇನ್ನೊಬ್ಬರ ಬಾಯಿಗೆ ಹೋಗ್ಬಾರ್ದು. ನನ್ನ ಮಗಳೂ ಮಲಗ್ತಾಳೆ."

ಮುದುಕರು ಎಲೆ ಅಡಿಕೆ ಜಗಿಯುತ್ತ ಅವಳ ಮಾಸ್ಕನ್ನೇ ಸ್ವಲ್ಪ ಹೊತ್ತು ನೋಡಿದರು. "ಆಯ್ತು. ಮಂತ್ರ ನಂದು, ಹಬೆ ನಿಂದು" ಅಂದರು. ಹಾಗೆ ಕೇರಿಗೆ ಹೊಸ ಕಟ್ಟಳೆ ಬಂತು: ಒಂದು ಬಾಯಿಗೆ ಒಂದು ಅರ. ಸುದಾನಿಯ ಅತ್ತೆ ರೆಂತಿ ಅಜ್ಜಿ ಸಂತೆಯಲ್ಲಿ ಹೂವು ಮಾರುವವರಿಂದ ಹಿಡಿದು ಮೀನಿನವರ ತನಕ ಎಲ್ಲರಿಗೂ ಸಾರಿಕೊಂಡು ಬಂದಳು. ನನ್ನ ಸೊಸೆ ಅಂದರೆ ಏನಂದುಕೊಂಡಿದ್ದೀರಿ, ಅವಳು ಮುಟ್ಟಿದ್ದು ದೇವರು ಮುಟ್ಟಿದ ಹಾಗೆ ಅಂತ. ಆ ಮುದುಕಿಯ ಬಾಯಲ್ಲಿ ಯಾರಿಗಾದರೂ ಹೊಗಳಿಕೆ ಬಂದದ್ದು ಅದೇ ಮೊದಲಿರಬೇಕು.

ಶಾಸ್ತ್ರಕ್ಕೆ ಇನ್ನೇನು ಸ್ವಲ್ಪ ದಿನ ಇದೆ ಅನ್ನುವಾಗ ಕ್ಲಿನಿಕ್ಕಿಗೆ ಆ ಹಾಳು ಕ್ಯಾಮೆರಾ ಬಂತು. ನೋಡಲು ಪೆನ್ನಿನ ಹಾಗಿದೆ. ಬಾಯೊಳಗೆ ಇಟ್ಟರೆ ಎದುರಿನ ಗೋಡೆಯ ಪರದೆಯ ಮೇಲೆ ಒಂದೊಂದು ಹಲ್ಲೂ ಬಾಗಿಲಷ್ಟು ದೊಡ್ಡದಾಗಿ ಕಾಣುತ್ತದೆ. ಡಾಕ್ಟರ್ ಮಿರಾ ಹೊಸ ಒಡವೆ ಬಂದವರ ಹಾಗೆ ಸಂಭ್ರಮದಲ್ಲಿದ್ದರು. ರೋಗಿಗಳ ಬಾಯಿಗಿಂತ ಮೊದಲು ನಮ್ಮ ಬಾಯಲ್ಲೇ ಪರೀಕ್ಷೆ ಆಗಲಿ ಅಂದರು. ಮೊದಲು ನಾನು ಕೂತೆ. ಅರ ಹಾಕಿದ ನನ್ನ ಆರು ಹಲ್ಲು ಬೇಲಿ ಕತ್ತರಿಸಿದ ಹಾಗೆ ಸಮವಾಗಿ ಕಂಡವು, ಅದರ ಹಿಂದೆ ಬೆಳಗಿನ ಹಲಸಿನ ನಾರೂ ಕಂಡಿತು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ, ಬೇರೆ ದಾರಿಯಿರಲಿಲ್ಲ.

"ಈಗ ಸುದಾನಿ ಬರ್ಲಿ" ಅಂದರು ಡಾಕ್ಟರು. "ನಿನ್ನ ಹಲ್ಲಿನ ಫೋಟೋನೇ ದೊಡ್ಡದು ಮಾಡಿ ಮುಂದಿನ ಗೋಡೆಗೆ ಹಾಕ್ತೀನಿ. ಇಷ್ಟು ಶುಚಿಯಾಗಿರೋರ ಬಾಯಿ ಹೀಗಿರತ್ತೆ ನೋಡ್ಕೊಳ್ಳಿ ಅಂತ ರೋಗಿಗಳಿಗೆ ಹೇಳೋಕೆ."

"ಮಷಿನ್ ಓಡ್ತಾ ಇದೆ ಡಾಕ್ಟ್ರೆ, ಬಿಟ್ಟು ಬರೋಕಾಗಲ್ಲ" ಅಂತ ಕೋಣೆಯೊಳಗಿನಿಂದಲೇ ಉತ್ತರ ಬಂತು. ಮಾರನೆಯ ದಿನ ಹೊಟ್ಟೆನೋವು. ಅದರ ಮಾರನೆಯ ದಿನ ಮುಟ್ಟಾಗಿದ್ದೇನೆ ಅಂದಳು, ಮುಟ್ಟಿಗೂ ಕ್ಯಾಮೆರಾಕ್ಕೂ ಏನು ಸಂಬಂಧವೋ. ಡಾಕ್ಟರಿಗೂ ಹಟ ಹತ್ತಿತು. "ನಾಳೆ ಬೆಳಗ್ಗೆ ಮೊದಲ ಬಾಯಿ ನಿಂದೇ. ತಪ್ಪಿಸ್ಕೊಂಡ್ರೆ ಕಟ್ಟಿ ಕೂರಿಸ್ತೀನಿ" ಅಂತ ನಗುತ್ತಲೇ ಹೇಳಿ ಹೋದರು.

ಬೆಳಗ್ಗೆ ಬಾಗಿಲಲ್ಲಿ ಹೂವಿನ ದೊನ್ನೆ ಇಟ್ಟು ಊದುಬತ್ತಿ ಹಚ್ಚುವ ಕೆಲಸ ನನ್ನದು, ಹಾಗಾಗಿ ನಾನೇ ಮೊದಲು ಬರುವವಳು. ಆ ದಿನ ಬಾಗಿಲು ಆಗಲೇ ತೆರೆದಿತ್ತು. ಒಳಗೆ ಹೋದರೆ ರೋಗಿಯ ಕುರ್ಚಿಯ ಪಕ್ಕ ಸುದಾನಿ ನೆಲಕ್ಕೆ ಮಂಡಿಯೂರಿ ಕೂತಿದ್ದಾಳೆ. ಬಾಯಿಂದ ಎಂಜಲು ಎಳೆಯುವ ಸಕ್ಷನ್ ಪೈಪಿನ ಬುಡದಲ್ಲಿ ಒಂದು ಜಾಲರಿ ಇರುತ್ತದೆ. ರಕ್ತ, ಕಫ, ಹಲ್ಲಿನ ಚೂರು, ಯಾರ್ಯಾರ ಬಾಯಿಯ ಏನೇನೋ ಬಂದು ಕೂರುವುದು ಅಲ್ಲಿ. ಅದನ್ನು ಬಿಚ್ಚಿ ತೆಗೆದು, ಅದರೊಳಗೆ ಬೆರಳಾಡಿಸುತ್ತಿದ್ದಾಳೆ. ಬರಿಗೈ. ಗ್ಲೌಸಿಲ್ಲ.

"ಥೂ! ಏನಕ್ಕ ಇದು! ನಿಂಗೇನಾಯ್ತು?"

ಅವಳು ತಿರುಗಿದಳು. ಮುಖದ ಮೇಲೆ ಮಾಸ್ಕಿರಲಿಲ್ಲ. ಅವಳ ಮೂಗಿನ ಕೆಳಗಿನ ಮುಖವನ್ನು ಅಷ್ಟು ಹತ್ತಿರದಿಂದ ನಾನು ನೋಡಿದ್ದೇ ಅದು ಮೊದಲು. ತುಟಿ ಊದಿಕೊಂಡು ಒಡೆದಿತ್ತು. ಎರಡು ಕೋರೆಹಲ್ಲು ಇರಬೇಕಾದ ಜಾಗದಲ್ಲಿ ಎರಡು ಮೊಂಡು ಗೂಟ. ಒಂದು ಕಡೆ ತೀರ ಮೇಲಕ್ಕೆ ಹೋಗಿ ಹಲ್ಲಿನ ನಡುವೆ ಕೆಂಪಗೆ ಕಾಣುತ್ತಿತ್ತು.

"ನಾನೇ ಕೊರ್ಕೊಂಡೆ" ಅಂದಳು. ಗಾಳಿ ತಗಲಿದ್ದಕ್ಕೇ ಕಣ್ಣಲ್ಲಿ ನೀರು ಬಂತು. "ಡ್ರಿಲ್ಲಲ್ಲಿ. ಕೈಗನ್ನಡಿ ಹಿಡ್ಕೊಂಡು."

"ಯಾಕೆ?"

"ನಂಗೆ ಆಗಿಲ್ಲ ರಸ್ನಿ."

"ಏನಾಗಿಲ್ಲ?"

"ಅರ. ನಂಗೆ ಅರ ಹಾಕಿಸಿಲ್ಲ."

ನಾನು ಅಲ್ಲೇ ರೋಗಿಯ ಕುರ್ಚಿಯ ತುದಿಯಲ್ಲಿ ಕೂತುಬಿಟ್ಟೆ. ಮದುವೆಗೆ ಬಂದ ಮಗಳಿರುವ ಹೆಂಗಸು, ಅತ್ತೆಮನೆಯ ದೇವರಿಗೆ ದಿನಾ ನೈವೇದ್ಯ ಇಡುವವಳು ಹೇಳುವ ಮಾತೇ ಇದು! ನನ್ನ ಮುಖದಲ್ಲಿ ಏನು ಕಂಡಿತೋ, ಅವಳು ಬೇಗ ಬೇಗ ಹೇಳಿಕೊಳ್ಳತೊಡಗಿದಳು, ಕೈ ಇನ್ನೂ ಆ ಜಾಲರಿಯಲ್ಲೇ.

ಅವಳು ಚಿಕ್ಕವಳಿದ್ದಾಗ ಅಪ್ಪ ಅಮ್ಮ ಸರಕಾರ ಕೊಟ್ಟ ಕಾಡುಜಮೀನು ನಂಬಿ ಸಮುದ್ರದಾಚೆಯ ಸುಲಾವೆಸಿಗೆ ಹೋದರು. ಶಾಸ್ತ್ರದೂಟಕ್ಕೆ ಸಾಕಿದ ಹಂದಿ ದೊಡ್ಡದಾದ ಮೇಲೆ ಮಕ್ಕಳಿಗೆಲ್ಲ ಒಟ್ಟಿಗೆ ಶಾಸ್ತ್ರ ಮಾಡೋಣ ಅಂದುಕೊಂಡಿದ್ದ ಅಪ್ಪ ಜ್ವರ ಬಂದು ಸತ್ತ. ಆಮೇಲೆ ಯಾರೂ ಆ ಮಾತು ಎತ್ತಲಿಲ್ಲ. ಇವಳು ಬಟ್ಟೆ ಒಗೆಯುವ ಅಂಗಡಿಯ ಕೆಲಸಕ್ಕೆ ಈ ಕಡೆ ಬಂದಳು, ಮರಳು ಲಾರಿಯ ಸುಬಗನ ಜೊತೆ ಓಡಿಹೋಗಿ ಮದುವೆಯಾದಳು. ಮನೆ ತುಂಬಿಸಿಕೊಳ್ಳುವಾಗ ರೆಂತಿ ಅಜ್ಜಿ ಹೊಸ್ತಿಲಲ್ಲಿ ನಿಂತು ಕೇಳಿದ್ದು ಒಂದೇ ಪ್ರಶ್ನೆ, ಹಲ್ಲಿನ ಶಾಸ್ತ್ರ ಆಗಿದೆಯಾ ಅಂತ.

"ಆಗಿಲ್ಲ ಅಂದಿದ್ರೆ ಅವತ್ತೇ ಮಾಡಿಸ್ಬಿಡ್ತಿದ್ರೇನೋ ಅಕ್ಕ."

"ಸುತ್ತ ಅಷ್ಟು ಜನ ನಿಂತಿದ್ರು. ಸಮುದ್ರ ದಾಟಿ ಹೋದೋರು ಕಾಡುಜನ ಆಗ್ಬಿಟ್ಟಿದಾರೆ ಅಂತ ಆಗ್ಲೇ ಒಬ್ಳು ನಗ್ತಾ ಇದ್ಲು. ನಾಲಿಗೆ ತಾನಾಗೇ 'ಆಗಿದೆ' ಅಂದ್ಬಿಡ್ತು." ಅವಳು ತಲೆ ತಗ್ಗಿಸಿದಳು. "ಆಮೇಲೆ ಹೇಗೆ ಇಲ್ಲ ಅನ್ಲಿ? ದಿನ ಕಳೆದ ಹಾಗೆ ಇನ್ನೂ ಕಷ್ಟ ಆಯ್ತು."

ಈಗಿನವರಿಗೆ ಅರ ಹೆಸರಿಗೆ ಮಾತ್ರ ಮುಟ್ಟಿಸುತ್ತಾರೆ. ನೂರು ಜನರ ಬಾಯಿ ತೆರೆಸಿ ನೋಡಿದರೆ ಯಾರಿಗೆ ಆಗಿದೆ ಯಾರಿಗಿಲ್ಲ ಅಂತ ಜೆರೋ ಮುಸ್ತಿಕರಿಗೂ ಹೇಳುವುದು ಕಷ್ಟ. ಆ ಪರದೆಯ ಮೇಲೆ ಅವಳ ಹಲ್ಲು ಬಂದಿದ್ದರೂ ಯಾರೂ ಏನೂ ಅಂದುಕೊಳ್ಳುತ್ತಿರಲಿಲ್ಲ. ನಾನು ಅದನ್ನೇ ಹೇಳಿದೆ, ಸಿಟ್ಟಿನಲ್ಲೇ ಹೇಳಿದೆ. ಅವಳು ತಲೆಯಾಡಿಸಿದಳು. ಕನ್ನಡಿಯಲ್ಲಿ ಅವಳಿಗೆ ಕಾಣುತ್ತಿದ್ದದ್ದು ದೇವಸ್ಥಾನದ ಬಾಗಿಲಲ್ಲಿ ಕೆತ್ತಿದ ರಾಕ್ಷಸಿಯ ಬಾಯಂತೆ. ಇಷ್ಟು ವರ್ಷ ದಿನಾ ಬೆಳಗ್ಗೆ ಅದನ್ನೇ ನೋಡಿಕೊಂಡು ಹಲ್ಲುಜ್ಜಿದ್ದಾಳೆ.

"ಅದಿರ್ಲಿ, ಈ ಹೊಲಸಲ್ಲಿ ಏನು ಹುಡುಕ್ತಿದೀಯಾ?"

"ಪುಡಿ."

ಆಗ ನನಗೆ ಅರ್ಥವಾಯಿತು. ಶಾಸ್ತ್ರದಲ್ಲಿ ಅರ ಹಾಕುವಾಗ ಉದುರುವ ಪುಡಿಯನ್ನು ಎಂಜಲಿನ ಜೊತೆ ಎಳೆ ಕೆಂದೆಂಗಿನ ಕಾಯಿಯೊಳಗೆ ಉಗುಳಿಸಿ, ಆ ಕಾಯಿಯನ್ನು ಮನೆದೇವರ ಗುಡಿಯ ಹಿಂದೆ ಹೂಳುತ್ತಾರೆ. ಅದು ಕಾಲಿಗೆ ಸಿಗಬಾರದು, ಚರಂಡಿಗೆ ಬೀಳಬಾರದು. ಇವಳು ಒಂದು ಕೈಯಲ್ಲಿ ಡ್ರಿಲ್ಲು ಹಿಡಿದಾಗ ಇನ್ನೊಂದು ಕೈ ರೂಢಿಯಿಂದ ಸಕ್ಷನ್ ಪೈಪು ಹಿಡಿದಿದೆ. ಕೊರೆದದ್ದೆಲ್ಲ ಊರವರ ಎಂಜಲಿನೊಳಗೆ ಹೋಗಿ ಸೇರಿದೆ. ಯಾವುದು ಅವಳದು, ಯಾವುದು ನಿನ್ನೆ ಬಂದ ಕಸಾಯಿಯವನದು, ಯಾವುದು ಪ್ರವಾಸಕ್ಕೆ ಬಂದಿದ್ದ ಆಸ್ಟ್ರೇಲಿಯಾದ ಹೆಂಗಸಿನದು?

ಡಾಕ್ಟರ್ ಮಿರಾ ಬಂದಾಗ ನಾನು ಬಾಗಿಲು ಹಾಕಿ, ಕ್ಲಿನಿಕ್ಕಿನ ನರ್ಸಮ್ಮನನ್ನು ತಿಂಡಿ ತರಲು ಅಟ್ಟಿ, ಇದ್ದದ್ದು ಇದ್ದ ಹಾಗೆ ಹೇಳಿದೆ. ಡಾಕ್ಟರು ಸುದಾನಿಯನ್ನು ಕುರ್ಚಿಯಲ್ಲಿ ಕೂರಿಸಿ ಆ ಕ್ಯಾಮೆರಾ ಬಾಯಿಗೆ ಇಟ್ಟರು. ಪರದೆಯ ಮೇಲೆ ಎರಡು ಹಲ್ಲಿನ ಮೈತುಂಬ ಗೀರು. ಸುದಾನಿ ಕಣ್ಣು ಮುಚ್ಚಿಕೊಂಡಳು. ಡಾಕ್ಟರು ಕೈಚಾಚಿ ಪರದೆ ಆರಿಸಿಬಿಟ್ಟರು, ಬಗ್ಗಿ ಬರಿಗಣ್ಣಿನಲ್ಲೇ ನೋಡಿದರು.

"ನರದ ಬಾಗಿಲು ತಟ್ಟಿದೀಯಾ. ಇನ್ನೊಂಚೂರು ಹೋಗಿದ್ರೆ ಹಲ್ಲು ಕೈಗೇ ಬರ್ತಿತ್ತು" ಅಂದರು. ಆಮೇಲೆ, "ಡ್ರಿಲ್ಲಿಗೆ ಯಾವ ಮೊನೆ ಹಾಕ್ದೆ?"

ಸುದಾನಿ ತೊಳೆಯಲು ಇಟ್ಟಿದ್ದ ತಟ್ಟೆಯ ಕಡೆ ನೋಡಿದಳು.

"ಸುದಾನಿ, ಚೀಲ ಒಡೆದು ಹೊಸದು ತಗೊಂಡೆ ತಾನೇ?"

"ಇಲ್ಲ ಡಾಕ್ಟ್ರೆ. ತೊಳೆಯೋಕೆ ಇಟ್ಟಿದ್ರಲ್ಲಿ ಒಂದನ್ನ ತಗೊಂಡೆ."

"ಏನಂದೆ? ಯಾರ್ದೋ ಬಾಯಲ್ಲಿ ಇದ್ದಿದ್ದನ್ನಾ? ನೀನಾ?"

"ಒಳ್ಳೇದನ್ನ ಒಡೆದು ನನ್ನ ಬಾಯಿಗೆ ಹಾಕ್ಕೊಳ್ಳೋಕೆ ಮನಸ್ಸು ಬರ್ಲಿಲ್ಲ" ಅಂದಳು. "ಕದ್ದು ಮಾಡೋ ಕೆಲ್ಸ. ನನ್ನ ಬಾಯಿಗೆ ಅದೇ ಸರಿ ಅನ್ನಿಸ್ತು."

ಡಾಕ್ಟರ್ ಮಿರಾ ಆ ಕಡೆ ತಿರುಗಿ ತುಂಬಾ ಹೊತ್ತು ಕೈ ತೊಳೆದುಕೊಂಡರು. ಗೋಡೆಗೆ ಹಾಕುತ್ತೇನೆ ಅಂತ ಹಟ ಹಿಡಿದದ್ದು ಅವರಿಗೆ ನಾಟಿರಬೇಕು. ಆಮೇಲೆ ಹಲ್ಲನ್ನು ನುಣುಪು ಮಾಡಿ, ತೆರೆದ ಕಡೆಗೆ ಸಿಮೆಂಟು ತುಂಬಿ, ರಕ್ತ ಪರೀಕ್ಷೆಗೆ ಬರೆದುಕೊಟ್ಟು, ಒಂದೇ ಮಾತು ಹೇಳಿದರು: "ಮಗಳ ಜೊತೆ ನೀನೂ ಮಲಗಿ ಶಾಸ್ತ್ರ ಮಾಡಿಸ್ಕೋ."

"ಅತ್ತೆಗೆ ಏನಂತ ಹೇಳ್ಲಿ ಡಾಕ್ಟ್ರೆ? ಮಗಳಿಗೆ ಏನಂತ ಹೇಳ್ಲಿ? ಇನ್ನು ಅರ ಹಾಕೋಕೆ ಕೋರೆಹಲ್ಲೇ ಎಲ್ಲಿದೆ?"

ಆ ದಿನವಿಡೀ ಒಂದು ಬಟ್ಟಲು ಮದ್ದಿನ ನೀರಿನಲ್ಲಿ ಆ ಜಾಲರಿಯ ಗಸಿ ನೆನೆಯುತ್ತಿತ್ತು. ಸಂಜೆ ಅವಳು ಅದನ್ನು ಸೋಸಿ, ಒಣಗಿಸಿ, ಒಂದು ಚಿಕ್ಕ ಕಾಗದದ ಚೀಲದಲ್ಲಿ ಸೀಲು ಮಾಡಿದ್ದನ್ನು ನೋಡಿದೆ. ಏನೂ ಕೇಳಲಿಲ್ಲ. ಶಾಸ್ತ್ರದ ಹಿಂದಿನ ದಿನ ಅರಗಳನ್ನು ಚೀಲಕ್ಕೆ ತುಂಬುವಾಗ ಮಾತ್ರ, "ಅಕ್ಕ, ಒಂದು ಜಾಸ್ತಿ ಇಡು" ಅಂದೆ. ಕೇಳಿಸದವಳ ಹಾಗೆ ಮಕ್ಕಳದಷ್ಟನ್ನೇ ಮಷಿನ್ನಿಗೆ ಇಟ್ಟು ಬಾಗಿಲು ತಿರುವಿದಳು.

ಶಾಸ್ತ್ರದ ಬೆಳಗ್ಗೆ ಕೇರಿಯ ಚಾವಡಿಯಲ್ಲಿ ಹಳದಿ ಬಟ್ಟೆ ಹಾಸಿದ ಮಂಚ, ಸುತ್ತ ಬಾಳೆಹಣ್ಣು, ಹುರಿದ ಕೋಳಿ, ಹೂವಿನ ರಾಶಿ. ಬಿಳಿ ಹಳದಿ ಉಟ್ಟ ಹುಡುಗ ಹುಡುಗಿಯರು ಸಾಲಾಗಿ ಕೂತಿದ್ದರು. ಒಬ್ಬೊಬ್ಬರಾಗಿ ಮಲಗುವುದು, ದವಡೆಯ ನಡುವೆ ಕಬ್ಬಿನ ತುಂಡು ಕಚ್ಚುವುದು, ಹೆತ್ತವರು ತಲೆ ಕಾಲು ಹಿಡಿದುಕೊಳ್ಳುವುದು, ಜೆರೋ ಮುಸ್ತಿಕ ಮಂತ್ರ ಹೇಳಿ ಅರ ಆಡಿಸುವುದು. ಮಾಸ್ಕು, ಗ್ಲೌಸು ಹಾಕಿಕೊಂಡ ಸುದಾನಿ ಪ್ರತಿ ಬಾಯಿಗೂ ಒಂದು ಚೀಲ ಹರಿದು ಅರ ಕೊಡುತ್ತಿದ್ದಳು, ಆದದ್ದನ್ನು ಬೇರೆ ತಟ್ಟೆಗೆ ಹಾಕುತ್ತಿದ್ದಳು. ಹಿರಿಯರೆಲ್ಲ ಮೆಚ್ಚಿ ನೋಡುತ್ತಿದ್ದರು. ಡಾಕ್ಟರ್ ಮಿರಾ ಅತಿಥಿಗಳ ಸಾಲಿನಲ್ಲಿ ಚಡಪಡಿಸುತ್ತಿದ್ದರು. ರೆಂತಿ ಅಜ್ಜಿ ಮೊದಲ ಸಾಲಿನಲ್ಲಿ ಎದೆಯುಬ್ಬಿಸಿ ಕೂತಿದ್ದಳು.

ಕೊನೆಯ ಸರದಿ ಸುದಾನಿಯ ಮಗಳು ಅರ್ಮಿನಿಯದು. ಮಂಚ ಹತ್ತುವ ಮುಂಚೆ ಹುಡುಗಿ ತಾಯಿಯ ಕಾಲಿಗೆ ಬಿದ್ದಳು. ಎದ್ದು ನಿಂತು ತಾಯಿಯ ತೋಳು ಹಿಡಿದುಕೊಂಡಳು.

"ಅಮ್ಮ, ನಿಂಗೆ ತುಂಬಾ ನೋವಾಗಿತ್ತಾ?"

ಹೆದರಿದ ಮಗು ಧೈರ್ಯಕ್ಕಾಗಿ ಕೇಳಿದ ಮಾತು. ಇಲ್ಲ ಕಂದ, ಇರುವೆ ಕಚ್ಚಿದ ಹಾಗೆ ಅಷ್ಟೆ ಅಂದಿದ್ದರೆ ಮುಗಿದುಹೋಗುತ್ತಿತ್ತು. ಅಲ್ಲಿದ್ದ ತಾಯಂದಿರೆಲ್ಲ ಅದನ್ನೇ ಹೇಳಿದ್ದರು. ಸುದಾನಿ ಅರದ ಚೀಲ ಹರಿಯುತ್ತಿದ್ದವಳು ಅರ್ಧಕ್ಕೇ ನಿಲ್ಲಿಸಿದಳು.

"ನಂಗೆ ಗೊತ್ತಿಲ್ಲ ಮಗಳೇ" ಅಂದಳು. "ನಂಗೆ ಅರ ಹಾಕಿಸಿಲ್ಲ."

ಹತ್ತಿರದವರಿಗೆ ಮಾತ್ರ ಕೇಳಿತು. ಆದರೆ ಹತ್ತಿರದವರು ಅಂದರೆ ಯಾರು? ರೆಂತಿ ಅಜ್ಜಿ.

"ಏನಂದೆ?" ಮುದುಕಿ ಎದ್ದು ನಿಂತಳು. "ಇನ್ನೊಂದ್ಸಲ ಹೇಳು. ನಾನು ಹೊಸ್ತಿಲಲ್ಲಿ ನಿಂತು ಕೇಳಿದಾಗ ಏನಂದಿದ್ದೆ ನೀನು?"

"ಸುಳ್ಳು ಹೇಳಿದ್ದೆ, ಮೇಮೆ." ಅವಳು ಅತ್ತೆಯನ್ನು ಮೇಮೆ, ಅಮ್ಮ ಅಂತಲೇ ಕರೆಯುತ್ತಿದ್ದದ್ದು.

"ಆ ಬಾಯಲ್ಲಿ ನನ್ನ ದೇವರಿಗೆ ಮಂತ್ರ ಹೇಳ್ದೆ! ಆ ಕೈಯಲ್ಲಿ ನೈವೇದ್ಯ ಇಟ್ಟೆ! ನಾನು ಸಂತೆಲಿ ಊರಿಗೆಲ್ಲ ಸಾರ್ಕೊಂಡು ಬಂದೆನಲ್ಲೇ, ನನ್ನ ಮರ್ಯಾದೆ ತೆಗೆದ್ಯಲ್ಲೇ!"

ಈಗ ಕೊನೆಯ ಸಾಲಿಗೂ ಕೇಳಿತು. ಗುಜುಗುಜು ಎದ್ದಿತು. ಗಂಡ ಸುಬಗ ನೆಲ ನೋಡುತ್ತ ಕಲ್ಲಾಗಿ ನಿಂತಿದ್ದ. ನನಗೆ ಒಬ್ಬೊಬ್ಬರ ಬಾಯಿಗೂ ಕಬ್ಬಿನ ತುಂಡು ತುರುಕುವಷ್ಟು ಸಿಟ್ಟು ಬಂತು. ಸುದಾನಿ ಅರವನ್ನು ಜೆರೋ ಮುಂದಿಟ್ಟು, "ನಾನು ಇವಳನ್ನ ಹಿಡೀಬಾರ್ದು, ಬೇರೆ ಯಾರಾದ್ರೂ ಹಿಡೀಲಿ" ಅಂತ ಹಿಂದೆ ಸರಿದಳು.

"ಹೆತ್ತೋಳು ಹಿಡೀದೆ ಇನ್ಯಾರು ಹಿಡೀತಾರೆ?" ಅಂದರು ಜೆರೋ ಮುಸ್ತಿಕ. "ಬಾ ಇಲ್ಲಿ. ತಲೆ ಹಿಡ್ಕೋ."

ಹುಡುಗಿ ಅಳುತ್ತಲೇ ಮಲಗಿದಳು, ತಾಯಿ ಅಳುತ್ತಲೇ ಹಿಡಿದುಕೊಂಡಳು. ಅರ್ಮಿನಿಯದು ಮುಗಿಯಿತು, ಅವಳು ಕಾಯಿಗೆ ಉಗುಳಿ ಎದ್ದಳು. ಜೆರೋ ಅದೇ ಅರವನ್ನು ಗಂಧದ ನೀರಲ್ಲಿ ಅದ್ದುತ್ತ ಸುದಾನಿಯ ಕಡೆ ನೋಡಿ ಮಂಚ ತೋರಿಸಿದರು.

"ನೀನೂ ಮಲ್ಕೋ. ಇನ್ನೆಷ್ಟು ವರ್ಷ ಹೊತ್ಕೊಂಡು ತಿರುಗ್ತೀಯಾ?"

"ಇದೇ ಅರ ಸಾಕು ಜೆರೋ, ಬೇಗ ಮುಗಿಸ್ಬಿಡಿ" ಅ‌ನ್ನುತ್ತ ಸುದಾನಿ ಮಾಸ್ಕಿನ ದಾರಕ್ಕೆ ಕೈ ಹಾಕಿದಳು. ಬೇಗ ಮುಗಿದು ಎಲ್ಲಿಯಾದರೂ ಅಡಗಿಕೊಂಡರೆ ಸಾಕು ಅನ್ನುವಂತಿತ್ತು ಅವಳ ಮುಖ.

"ಬೇಡ" ಅಂದಳು ರೆಂತಿ ಅಜ್ಜಿ.

ಎಲ್ಲರೂ ಅವಳ ಕಡೆ ತಿರುಗಿದರು.

"ಕೇರಿ ಮಕ್ಕಳಿಗೆಲ್ಲ ಒಂದು ಕಟ್ಟಳೆ, ಇವಳಿಗೊಂದಾ? ಆ ಅರ ಮಷಿನ್ನಿಗೆ ಹೋಗಿ ಬೆಂದು ಬರ್ಲಿ. ಅಲ್ಲೀತನಕ ಕೂತಿರ್ಲಿ ಅಲ್ಲೇ. ಎಲ್ಲರೂ ನೋಡ್ಲಿ."

ಡಾಕ್ಟರ್ ಮಿರಾ ಎದ್ದು, ಅರವನ್ನು ತೆಗೆದುಕೊಂಡು ಸ್ಕೂಟರು ಹತ್ತಿದರು. ಆಟೋಕ್ಲೇವಿಗೆ ಅವಸರ ಅನ್ನುವುದಿಲ್ಲ, ಯಾರ ಮರ್ಯಾದೆ ಹೋಗುತ್ತಿದ್ದರೂ ಅದಕ್ಕೆ ಮುಕ್ಕಾಲು ಗಂಟೆ ಬೇಕು. ಅಷ್ಟು ಹೊತ್ತೂ ಸುದಾನಿ ಆ ಹಳದಿ ಹಾಸಿನ ಮೇಲೆ ಮಾಸ್ಕಿಲ್ಲದೆ ಕೂತಿದ್ದಳು. ಕೈ ಬಾಯಿಯ ಕಡೆ ಹೋಗುತ್ತಿತ್ತು, ಅತ್ತೆಯ ಕಣ್ಣು ನೋಡಿ ಕೆಳಗಿಳಿಯುತ್ತಿತ್ತು. ಮಕ್ಕಳು ಇಣುಕಿದರು. ಹೆಂಗಸರು ಪಿಸುಗುಟ್ಟಿದರು, ಆಮೇಲೆ ಪಿಸುಗುಟ್ಟಿ ಸಾಕಾಗಿ ಸುಮ್ಮನಾದರು. ಮುದುಕಿ ಸೊಸೆಯನ್ನು ಶಿಕ್ಷಿಸಿದಳೋ, ಕೇರಿಯ ಮಕ್ಕಳಿಗೆ ಸಿಕ್ಕಿದ್ದು ಸೊಸೆಗೂ ಸಿಗಲಿ ಅಂದಳೋ, ನನಗೆ ಇವತ್ತಿಗೂ ಗೊತ್ತಿಲ್ಲ. ಬಹುಶಃ ಅವಳಿಗೂ ಗೊತ್ತಿರಲಿಲ್ಲ.

ಅರ ಬಂತು, ಇನ್ನೂ ಬಿಸಿಯಿತ್ತು. ಜೆರೋ ಅವಳ ಬಾಯಿ ತೆರೆದು ನೋಡಿ ಒಂದು ಕ್ಷಣ ತಡೆದರು. ಯಾರಿಗೂ ಏನೂ ಹೇಳಲಿಲ್ಲ. ಮುಂದಿನ ನಾಲ್ಕು ಹಲ್ಲಿಗೂ ಆ ಎರಡು ಮೊಂಡು ಗೂಟಗಳಿಗೂ ಹೂವು ಮುಟ್ಟಿಸಿದಷ್ಟು ಹಗುರವಾಗಿ ಅರ ಮುಟ್ಟಿಸಿದರು. ಅವಳಿಗೆ ಅಂತ ಬೇರೆ ಕಾಯಿ ಇರಲಿಲ್ಲ, ಮಗಳ ಕಾಯಿಗೇ ಉಗುಳಿದಳು. ಪುಡಿ ಎಲ್ಲಿಂದ ಬರಬೇಕು, ಬರೀ ಎಂಜಲು.

ಮಧ್ಯಾಹ್ನ ಕಾಯಿ ಹೂಳಲು ಅವರ ಮನೆದೇವರ ಗುಡಿಯ ಹಿಂದೆ ಹೋದಾಗ ನಾನೂ ಜೊತೆಗಿದ್ದೆ. ರೆಂತಿ ಅಜ್ಜಿಯೇ ಗುದ್ದಲಿ ಹಿಡಿದು ಗುಂಡಿ ತೋಡಿದಳು. ಕಾಯಿ ಇಡುವಷ್ಟರಲ್ಲಿ ಸುದಾನಿ ಸೊಂಟದ ಪಟ್ಟಿಯಿಂದ ಆ ಚಿಕ್ಕ ಕಾಗದದ ಚೀಲ ತೆಗೆದು, ಇದನ್ನೂ ಹಾಕಬಹುದಾ ಅಂತ ಕೇಳಿದಳು.

"ಏನದು?"

ಸುದಾನಿ ಹೇಳಿದಳು. ಡ್ರಿಲ್ಲು, ಪೈಪು, ಜಾಲರಿ, ಎಲ್ಲಾ ಹೇಳಿದಳು. ಒಂದನ್ನೂ ಮುಚ್ಚಿಡಲಿಲ್ಲ.

"ನನ್ನ ಮೊಮ್ಮಗಳ ಕಾಯಿ ಜೊತೆ ಊರವರ ಹೊಲಸು ಹೂಳ್ಬೇಕಾ? ನನ್ನ ದೇವರ ಬೆನ್ನಿಗೆ?"

"ಬೇಡ ಅಂದ್ರೆ ಬೇಡ ಮೇಮೆ."

"ಇದ್ರಲ್ಲಿ ನಿಂದು ಯಾವ್ದು?"

"ಗೊತ್ತಿಲ್ಲ. ತುಂಬಾ ಹುಡುಕ್ದೆ. ಬೇರೆ ಮಾಡೋಕಾಗ್ಲಿಲ್ಲ."

ಮುದುಕಿ ಗುದ್ದಲಿಯ ಹಿಡಿಯ ಮೇಲೆ ಗಲ್ಲ ಊರಿ ನಿಂತಳು. ಆಮೇಲೆ ಚೀಲ ಕಿತ್ತುಕೊಂಡು, ಹಲ್ಲಿನಿಂದ ಕಚ್ಚಿ ಹರಿದು, ಇದ್ದದ್ದನ್ನೆಲ್ಲ ಕಾಯಿಯ ಬಾಯಿಗೆ ಸುರಿದಳು. ಚೀಲವನ್ನು ತಲೆಕೆಳಗು ಮಾಡಿ ಬೆರಳಲ್ಲಿ ತಟ್ಟಿದಳು, ಒಂದು ಕಣವೂ ಉಳಿಯದ ಹಾಗೆ.

"ಊರವರದ್ದೂ ಹೋಗ್ಲಿ ಹಾಗಾದ್ರೆ" ಅಂದಳು. ಮಣ್ಣು ಎಳೆದು ಕಾಲಿನಿಂದ ಅದುಮಿದಳು.

ಸುದಾನಿ ಅಲ್ಲೇ ನಿಂತು ಅಳುತ್ತಿದ್ದಳು, ಚಿಕ್ಕ ಮಕ್ಕಳ ಹಾಗೆ, ಬಾಯಿ ತೆರೆದು, ಕೈ ಅಡ್ಡ ಇಡುವುದನ್ನೂ ಮರೆತು. ಗಾಳಿ ಬೀಸಿದಾಗಲೆಲ್ಲ ಹಲ್ಲು ಜುಮ್ಮೆಂದು ಮುಖ ಕಿವುಚುತ್ತಿತ್ತು. ಅತ್ತೆ ಅದನ್ನು ನೋಡಿದಳು. ಆಮೇಲೆ ತನ್ನ ಹೆಗಲ ಮೇಲಿನ ವಸ್ತ್ರ ತೆಗೆದು ಅವಳ ಕೈಗೆ ತುರುಕಿದಳು.

"ಬಾಯಿ ಮುಚ್ಕೋ" ಅಂದಳು. "ಗಾಳಿಗೆ ನೋಯತ್ತೆ."